ಹನ್ನೆರಡು ಡಾಲರಿನ ಫೋನನ್ನು ಬಿಚ್ಚಿದಾಗ

ಚೀನಾದ ಶೆನ್‌ಝೆನ್ ನಗರದಲ್ಲಿ ಹುವಾಚಿಯಾಂಗ್‌ಬೇ ಎಂಬ ಎಲೆಕ್ಟ್ರಾನಿಕ್ಸ್ ಪೇಟೆಯಿದೆ. ಅಕ್ಕಿಕಾಳಿಗಿಂತ ಸಣ್ಣ ರೆಸಿಸ್ಟರ್‌ನಿಂದ ಹಿಡಿದು ಇಡೀ ಫೋನಿನವರೆಗೆ ಅಲ್ಲಿ ಸಿಗದ ವಸ್ತುವಿಲ್ಲ. ಆ ಪೇಟೆಯ ಮಿಂಗ್‌ಟಾಂಗ್ ಎಂಬ ಮಾಲ್‌ನಲ್ಲಿ ಆಂಡ್ರ್ಯೂ ಹುವಾಂಗ್ ಎಂಬ ಅಮೆರಿಕದ ಎಂಜಿನಿಯರ್ 12 ಡಾಲರ್ ಕೊಟ್ಟು ಒಂದು ಪುಟ್ಟ ಫೋನ್ ಕೊಂಡರು. ಅದನ್ನು ಬಿಚ್ಚಿ ನೋಡಿದ ವಿವರವನ್ನು 2013ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಆಗಿನ ವಿನಿಮಯ ದರದಲ್ಲಿ ಆ ಫೋನಿನ ಬೆಲೆ ಸುಮಾರು 650 ರೂಪಾಯಿ. ಸಗಟು ದರವಲ್ಲ, ಒಂದೇ ಒಂದು ಪೀಸ್ ಕೊಂಡವರಿಗೆ ಹೇಳಿದ ಬಿಡಿ ದರ. ಜೊತೆಗೆ ಚಾರ್ಜರ್, ಕೇಬಲ್, ಸಿಲಿಕೋನ್ ಕವರ್ ಕೂಡ ಸೇರಿದ್ದವು.

ಅಷ್ಟು ದುಡ್ಡಿಗೆ ಸಿಕ್ಕಿದ್ದೇನು? ನಾಲ್ಕೂ ಜಿಎಸ್‌ಎಂ ಬ್ಯಾಂಡ್‌ಗಳಲ್ಲಿ ನಡೆಯುವ, ಯಾವ ಕಂಪನಿಯ ಸಿಮ್ ಹಾಕಿದರೂ ಕೆಲಸ ಮಾಡುವ ಫೋನು. ಬ್ಲೂಟೂತ್, ಎಂಪಿ3 ಹಾಡು, ಮೆಮೊರಿ ಕಾರ್ಡ್, ಎರಡು ಬಣ್ಣದ ಸಣ್ಣ ಒಎಲ್‌ಇಡಿ ಪರದೆ. ಅದೇ ವರ್ಷದ ಫೆಬ್ರುವರಿಯಲ್ಲಿ ಬಾರ್ಸಿಲೋನಾದ ಮೇಳದಲ್ಲಿ ನೋಕಿಯಾ ತನ್ನ ಅಗ್ಗದ ಫೋನ್ 105 ಅನ್ನು ತೋರಿಸಿತ್ತು. ಅದರ ಬೆಲೆ 15 ಯುರೋ, ಎಂದರೆ 20 ಡಾಲರ್ ಆಸುಪಾಸು. ಅದರಲ್ಲಿ ಟಾರ್ಚು, ಎಫ್‌ಎಂ ಇದ್ದವು. ಬ್ಲೂಟೂತ್ ಇರಲಿಲ್ಲ, ಕಾರ್ಡ್ ಹಾಕಲು ಜಾಗವೂ ಇರಲಿಲ್ಲ. ಜಗತ್ತಿನ ದೊಡ್ಡ ಕಂಪನಿಯೊಂದು ಕೋಟಿಗಟ್ಟಲೆ ಫೋನ್ ತಯಾರಿಸಿಯೂ ತಲುಪದ ಬೆಲೆಯನ್ನು ಹೆಸರೇ ಇಲ್ಲದ ತಯಾರಕರು ತಲುಪಿದ್ದು ಹೇಗೆ ಎಂಬ ಕುತೂಹಲ ಹುವಾಂಗ್ ಅವರದು. ಎಂಐಟಿಯಲ್ಲಿ ಪಿಎಚ್‌ಡಿ ಮಾಡಿದ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಆಟದ ಯಂತ್ರದ ಬೀಗ ಮುರಿದು ಅದರ ಬಗ್ಗೆ 2003ರಲ್ಲಿ ಪುಸ್ತಕವನ್ನೇ ಬರೆದ ಮನುಷ್ಯ ಅವರು. ಬಿಚ್ಚುವುದು ಅವರಿಗೆ ಓದಿದಷ್ಟೇ ಸಹಜ.

ಬಿಚ್ಚಲು ಹೊರಟಾಗ ಮೊದಲು ಗಮನಕ್ಕೆ ಬಂದದ್ದು, ಬಿಚ್ಚಲು ಸ್ಕ್ರೂಗಳೇ ಇಲ್ಲ ಎನ್ನುವುದು. ಹಿಂದಿನ ಕವಚ ಮುಂದಿನ ಕವಚಕ್ಕೆ ಪ್ಲಾಸ್ಟಿಕ್ ಲಾಕುಗಳಿಂದ ಕಚ್ಚಿಕೊಂಡಿತ್ತು. ಸ್ಕ್ರೂ ಉಳಿಸಿದರೆ ಎಷ್ಟು ಉಳಿದೀತು ಎನ್ನಿಸಬಹುದು. ಆದರೆ ಒಂದು ಸ್ಕ್ರೂ ಹಾಕಬೇಕಾದರೆ ಅದು ಕೂರಲು ಕವಚದೊಳಗೆ ಒಂದು ಕಂಬ ಬೇಕು, ಆ ಕಂಬಕ್ಕೆ ಬೋರ್ಡಿನಲ್ಲಿ ಜಾಗ ಬಿಡಬೇಕು, ಕೊನೆಗೆ ಅದನ್ನು ತಿರುಗಿಸಲು ಒಂದು ಕೈ, ಆ ಕೈಗೆ ಸಂಬಳ. ಲಾಕು ಇದ್ದರೆ ಒತ್ತಿದರಾಯಿತು.

ಒಳಗೆ ಕನೆಕ್ಟರ್‌ಗಳೂ ಇಲ್ಲವೆಂಬಷ್ಟು ಕಡಿಮೆ. ದುಬಾರಿ ಫೋನಿನಲ್ಲಿ ಪರದೆ, ಬ್ಯಾಟರಿ, ಸ್ಪೀಕರ್ ಎಲ್ಲವೂ ಸಣ್ಣ ಸಣ್ಣ ಪ್ಲಗ್ಗುಗಳ ಮೂಲಕ ಬೋರ್ಡಿಗೆ ಸೇರುತ್ತವೆ. ಕೆಟ್ಟದ್ದನ್ನು ಕಿತ್ತು ಹೊಸದನ್ನು ಸಿಕ್ಕಿಸಬಹುದು. ಇಲ್ಲಿ ಪರದೆಯಿಂದ ಬ್ಯಾಟರಿಯವರೆಗೆ ಎಲ್ಲವನ್ನೂ ನೇರವಾಗಿ ಬೋರ್ಡಿಗೆ ಬೆಸುಗೆ ಹಾಕಲಾಗಿತ್ತು. ಬ್ಲೂಟೂತ್‌ನ ಆಂಟೆನಾ ಎಂದರೆ ಒಂದು ತುಂಡು ತಂತಿ, ಅಷ್ಟೇ. ಬ್ಯಾಟರಿಯನ್ನು ಬೆಸೆದುಬಿಟ್ಟರೆ ಗೋದಾಮಿನಲ್ಲಿ, ಸಾಗಣೆಯಲ್ಲಿ ಅದು ಸುಮ್ಮನೆ ಖಾಲಿಯಾಗುತ್ತದಲ್ಲ? ಅದಕ್ಕಾಗಿ ಬ್ಯಾಟರಿಯ ಸಂಪರ್ಕವನ್ನೇ ಕಡಿಯುವ ಪುಟ್ಟದೊಂದು ಸ್ವಿಚ್ ಇಟ್ಟಿದ್ದರು. ಕೊಂಡವರು ಅದನ್ನು ಒಮ್ಮೆ ಸರಿಸಿದರೆ ಫೋನಿಗೆ ಜೀವ.

ಇಷ್ಟೆಲ್ಲ ಜಿಪುಣತನದ ನಡುವೆ ಎರಡು ಕಡೆ ಧಾರಾಳವೂ ಇತ್ತು. ಕೀಪ್ಯಾಡಿನ ಕೆಳಗೆ ಬೆಳಕು, ಫೋನಿನ ಅಂಚಿನ ಸುತ್ತ ಅಲಂಕಾರದ ದೀಪಗಳು! ಅಗ್ಗದ ಫೋನಿನ ಅರ್ಥಶಾಸ್ತ್ರ ಈ ದೀಪಗಳಲ್ಲೇ ಇದೆ. ಅಂಗಡಿಯ ಗಾಜಿನ ಮೇಲೆ ಫೋನ್ ಇಟ್ಟಾಗ ಗಿರಾಕಿಯ ಕಣ್ಣಿಗೆ ಕಾಣುವುದಕ್ಕೆ, ಕಿವಿಗೆ ಕೇಳುವುದಕ್ಕೆ ದುಡ್ಡು ಹಾಕು. ಬಿಚ್ಚಿದರೆ ಮಾತ್ರ ಕಾಣುವುದರಲ್ಲಿ ಉಳಿಸು. ಭಾರತದ ಊರೂರುಗಳಿಗೆ 2008-09ರ ಹೊತ್ತಿಗೆ ನುಗ್ಗಿದ ‘ಚೈನಾ ಸೆಟ್’ಗಳನ್ನು ಬಲ್ಲವರಿಗೆ ಇದು ಗೊತ್ತಿರುವ ಲೆಕ್ಕವೇ. ಬಸ್ಸಿನಲ್ಲಿ ಒಬ್ಬರ ಫೋನ್ ಹಾಡಿದರೆ ಇಡೀ ಬಸ್ಸಿಗೆ ಕೇಳುವ ಸ್ಪೀಕರು, ಎಳೆದರೆ ಉದ್ದವಾಗುವ ಟಿ.ವಿ. ಏರಿಯಲ್, ಕರೆ ಬಂದರೆ ಮಿಣುಕುವ ದೀಪ.

ಹಾಗಾದರೆ ಕಾಣದ ಜಾಗದಲ್ಲಿರುವ ಚಿಪ್ಪು ಕಳಪೆಯೇ? ಇಲ್ಲೇ ಲೆಕ್ಕ ತಿರುಗುತ್ತದೆ. ಹುವಾಂಗ್ ಬಿಚ್ಚಿದ ಬೋರ್ಡಿನಲ್ಲಿದ್ದ ಮುಖ್ಯ ಚಿಪ್ಪುಗಳು ಎರಡೇ. ಒಂದು ತೈವಾನಿನ ಮೀಡಿಯಾಟೆಕ್ ಕಂಪನಿಯ ಎಂಟಿ6250ಡಿಎ. ಇನ್ನೊಂದು ಚೀನಾದ ವ್ಯಾನ್‌ಚಿಪ್ ಕಂಪನಿಯ ವಿಸಿ5276. ಎರಡನೆಯದು ಸಂಕೇತಕ್ಕೆ ಬಲ ತುಂಬಿ ಆಂಟೆನಾಕ್ಕೆ ದಾಟಿಸುವ ರೇಡಿಯೊ ಭಾಗ. ಉಳಿದ ಕೆಲಸವೆಲ್ಲ ಮೊದಲನೆಯದರದು: ಟವರಿನ ಜೊತೆ ಮಾತುಕತೆ, ದನಿಯನ್ನು ಅಂಕಿಯಾಗಿಸುವುದು, ಕೀಲಿ ಒತ್ತಿದ್ದನ್ನು ಗುರುತಿಸುವುದು, ಪರದೆಗೆ ಬರೆಯುವುದು, ಹಾಡು ನುಡಿಸುವುದು, ಬ್ಲೂಟೂತ್, ಬ್ಯಾಟರಿ ಚಾರ್ಜಿಂಗ್. 260 ಮೆಗಾಹರ್ಟ್ಸ್ ವೇಗದ 32 ಬಿಟ್ ಪ್ರೊಸೆಸರ್, 8 ಎಂಬಿ ಮೆಮೊರಿ. ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ಕಾಣುವ ಆರ್ಡುಯಿನೊ ಬೋರ್ಡನ್ನು ಹುವಾಂಗ್ ಪಕ್ಕದಲ್ಲಿಟ್ಟು ನೋಡಿದರು. ಅದರ ವೇಗ 16 ಮೆಗಾಹರ್ಟ್ಸ್, 8 ಬಿಟ್, ಮೆಮೊರಿ ಎರಡೂವರೆ ಕಿಲೋಬೈಟ್. ಬ್ಯಾಟರಿ ಇಲ್ಲ, ಪರದೆ ಇಲ್ಲ, ಬೆಲೆ ಮಾತ್ರ ಫೋನಿಗಿಂತ ಎರಡು ಪಟ್ಟಿಗೂ ಹೆಚ್ಚು. ಎಂಟಿ6250 ಚಿಪ್ಪನ್ನೋ ಅವರು ಪೇಟೆಯ ದಲ್ಲಾಳಿಯಿಂದ ಬಿಡಿಯಾಗಿ ಕೊಂಡರು: ಒಂದಕ್ಕೆ 2 ಡಾಲರ್ 10 ಸೆಂಟ್.

ಆ ಚಿಪ್ಪು ಮಾಡುತ್ತಿದ್ದ ಕೆಲಸ ಸಣ್ಣದಲ್ಲ. ಜಿಎಸ್‌ಎಂ ವ್ಯವಸ್ಥೆಯಲ್ಲಿ ಒಂದು ತರಂಗಾಂತರವನ್ನು ಎಂಟು ಜನ ಸರದಿಯ ಮೇಲೆ ಹಂಚಿಕೊಳ್ಳುತ್ತಾರೆ. ಪ್ರತಿ ಫೋನಿಗೆ ಸಿಗುವ ಸರದಿ 577 ಮೈಕ್ರೋಸೆಕೆಂಡು, ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ. ಆ ಸರದಿ ಸೆಕೆಂಡಿಗೆ 217 ಸಲ ಬರುತ್ತದೆ. ಪ್ರತಿ ಸಲವೂ ಫೋನು ಕ್ಷಣ ತಪ್ಪದೆ ತನ್ನ ಪಾಲಿನ ಮಾತನ್ನು ಎಸೆದು ಸುಮ್ಮನಾಗಬೇಕು. ಟವರ್ ದೂರವಿದ್ದರೆ 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಎರಡು ವ್ಯಾಟ್‌ನಷ್ಟು ಬಲ ಹಾಕಬೇಕಾಗುತ್ತದೆ. ಆ ಕ್ಷಣದಲ್ಲಿ ಪುಟ್ಟ ಬ್ಯಾಟರಿಯಿಂದ ಎರಡು ಆಂಪಿಯರ್ ಹತ್ತಿರದ ವಿದ್ಯುತ್ತು ಹರಿಯುತ್ತದೆ. ಹಿಂದೆ ರೇಡಿಯೊ ಪಕ್ಕ ಮೊಬೈಲ್ ಇಟ್ಟಾಗ, ರಿಂಗ್ ಆಗುವ ಮೊದಲೇ ‘ಟಿರ್ರ್ ಟಿರ್ರ್’ ಎಂದು ಸದ್ದು ಬರುತ್ತಿದ್ದದ್ದು ಈ ಎಸೆತಗಳಿಂದಲೇ. ಇಷ್ಟು ಬಿಗಿಯಾದ ವೇಳಾಪಟ್ಟಿಯನ್ನು 12 ಡಾಲರಿನ ಫೋನೂ ಪಾಲಿಸಲೇಬೇಕು, ಐವತ್ತು ಸಾವಿರ ರೂಪಾಯಿಯದೂ ಪಾಲಿಸಲೇಬೇಕು. ಟವರಿಗೆ ಬೆಲೆ ಗೊತ್ತಾಗುವುದಿಲ್ಲ.

ಅಂಥ ಚಿಪ್ಪು ಎರಡು ಡಾಲರಿಗೆ ಇಳಿಯಲು ಕಾರಣವಾದ ಕಥೆ ತೈವಾನಿನ ಸಿಂಚುವಿನಲ್ಲಿ ಆರಂಭವಾಗುತ್ತದೆ. 1997ರಲ್ಲಿ ಯುಎಂಸಿ ಎಂಬ ಚಿಪ್ ಕಂಪನಿಯಿಂದ ಸಿಡಿದು ಹೊರಬಂದ ಮೀಡಿಯಾಟೆಕ್ ಮೊದಲು ತಯಾರಿಸುತ್ತಿದ್ದದ್ದು ಸಿ.ಡಿ., ಡಿ.ವಿ.ಡಿ. ಡ್ರೈವುಗಳ ಚಿಪ್ಪು. ಫೋನಿನ ಕಡೆ ಹೊರಳಿದ ಮೇಲೆ ಅದು ಬರೀ ಚಿಪ್ಪು ಮಾರಲಿಲ್ಲ. ಬೋರ್ಡಿನ ಮಾದರಿ ನಕ್ಷೆ, ಟವರ್ ಜೊತೆ ಮಾತಾಡುವ ತಂತ್ರಾಂಶ, ಮೆನು, ರಿಂಗ್‌ಟೋನು, ಕ್ಯಾಮೆರಾ, ಎಂಪಿ3 ಎಲ್ಲವನ್ನೂ ಸೇರಿಸಿ ಕೊಟ್ಟಿತು. ಅಕ್ಕಿ ಉದ್ದು ನೆನೆಹಾಕಿ ರುಬ್ಬುವ ಗೋಜಿಲ್ಲದೆ ಪ್ಯಾಕೆಟ್ಟಿನ ಹಿಟ್ಟು ತಂದು ದೋಸೆ ಹುಯ್ದ ಹಾಗೆ, ರೇಡಿಯೊ ಎಂಜಿನಿಯರೇ ಇಲ್ಲದ ಸಣ್ಣ ಕಾರ್ಖಾನೆಯೂ ಫೋನ್ ಹೊರಡಿಸುವಂತಾಯಿತು. ಫೋನ್ ತಯಾರಿಸಲು ಪಡೆಯಬೇಕಿದ್ದ ವಿಶೇಷ ಪರವಾನಗಿಯನ್ನು ಚೀನಾ ಸರ್ಕಾರ 2007ರಲ್ಲಿ ತೆಗೆದುಹಾಕಿತು. ಶೆನ್‌ಝೆನ್ನಿನ ಸುತ್ತ ಇಂಥ ತಯಾರಕರು ಅಣಬೆಗಳಂತೆ ಎದ್ದರು. ಅವರ ಮಾಲಿಗೆ ಚೀನಾದಲ್ಲಿ ಬಿದ್ದ ಹೆಸರು ‘ಶಾನ್‌ಝಾಯ್’.

ಒಳಗಿನದೆಲ್ಲ ಎಲ್ಲರಿಗೂ ಒಂದೇ ಎಂದ ಮೇಲೆ ಪೈಪೋಟಿ ನಡೆಯಬೇಕಾದದ್ದು ಹೊರಗೆ. ವಿಚಿತ್ರ ಫೋನುಗಳು ಹುಟ್ಟಿದ್ದು ಹೀಗೆ. ಸಿಗರೇಟ್ ಪ್ಯಾಕಿನ ಆಕಾರದ್ದು, ಸ್ಪೋರ್ಟ್ಸ್ ಕಾರಿನಂಥದ್ದು, ಕೈಗಡಿಯಾರದಂಥದ್ದು, ಹೆಬ್ಬೆರಳಿನಷ್ಟೇ ಇದ್ದು ಕಿವಿಗೆ ಸಿಕ್ಕಿಸಿಕೊಳ್ಳುವ ಬ್ಲೂಟೂತ್ ಹೆಡ್‌ಸೆಟ್ಟೂ ಆಗುವಂಥದ್ದು. ಅಚ್ಚು ಹೊಸದು, ಬೋರ್ಡು ಹಳೆಯದು. ಒಬ್ಬರು ಮಾಡಿದ ನಕ್ಷೆ ಇನ್ನೊಬ್ಬರ ಕೈಗೆ, ಅಲ್ಲಿಂದ ಮತ್ತೊಬ್ಬರ ಕೈಗೆ ದಾಟುತ್ತಿತ್ತು. ಮೀಡಿಯಾಟೆಕ್‌ನ ಮುಂಬಾಗಿಲು ತಟ್ಟಿದರೆ ಸಣ್ಣವರಿಗೆ ಉತ್ತರವೂ ಸಿಗದು. ಆದರೆ ಚೀನೀ ಭಾಷೆ ಬಲ್ಲವರಿಗೆ ಇಂಥ ಫೋನಿನ ಸರ್ಕ್ಯೂಟ್ ನಕ್ಷೆ, ಬೋರ್ಡಿನ ಫೈಲು, ತಂತ್ರಾಂಶ ಹಾಕುವ ಸಾಧನಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ ಎಂದು ಹುವಾಂಗ್ ದಾಖಲಿಸಿದ್ದಾರೆ. ಪೇಟೆಂಟು, ಕಾಪಿರೈಟುಗಳ ಲೆಕ್ಕದಲ್ಲಿ ಅದನ್ನು ಸಕ್ರಮ ಎನ್ನುವುದು ಕಷ್ಟ. ಮುಂದೆ ಹುವಾಂಗ್ ಮತ್ತು ಸಹೋದ್ಯೋಗಿ ಶಾನ್ ಕ್ರಾಸ್ ಇದೇ ವಂಶದ ಎಂಟಿ6260 ಚಿಪ್ಪಿನ ಒಳಗುಟ್ಟನ್ನು ತಾವೇ ಶೋಧಿಸಿ, ಅದಕ್ಕೊಂದು ಹೊಸ ಬೋರ್ಡು ಕಟ್ಟಿ, ಮುಕ್ತ ತಂತ್ರಾಂಶ ಕೂರಿಸಿ, 2014ರ ಡಿಸೆಂಬರ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್ ಸಮ್ಮೇಳನದಲ್ಲಿ ಮಂಡಿಸಿದರು. ಆ ಯೋಜನೆಗೆ ಫರ್ನ್‌ವೇಲ್ ಎಂದು ಹೆಸರಿಟ್ಟಿದ್ದರು.

ಈ ಪ್ರವಾಹದ ಒಂದು ಕವಲು ಭಾರತಕ್ಕೂ ಹರಿಯಿತು. ಒಮ್ಮೆ ಚಾರ್ಜ್ ಮಾಡಿದರೆ 30 ದಿನ ಬರುತ್ತದೆಂದು 2008ರಲ್ಲಿ ಮೈಕ್ರೋಮ್ಯಾಕ್ಸ್ ಎಕ್ಸ್1ಐ ಮಾರಿತು. ಮರುವರ್ಷ ಬೆಂಗಳೂರಿನ ಯುನೈಟೆಡ್ ಟೆಲಿಲಿಂಕ್ಸ್ ಮತ್ತು ದೆಹಲಿಯ ಜೈನಾ ಗ್ರೂಪ್ ಸೇರಿ ಕಾರ್ಬನ್ ಮೊಬೈಲ್ಸ್ ಆರಂಭಿಸಿದವು. ಚೀನಾದಲ್ಲಿ ತಯಾರಾದ ಫೋನಿಗೆ ಇಲ್ಲಿನ ಹೆಸರು, ಇಲ್ಲಿನ ಗ್ಯಾರಂಟಿ. ಇವರೆಲ್ಲ ನೋಕಿಯಾವನ್ನು ಅಲುಗಾಡಿಸಿದ್ದು ಮುಖ್ಯವಾಗಿ ಎರಡು ಸಿಮ್ಮಿನಿಂದ.

ಎರಡು ಸಿಮ್ ಎಂದರೆ ಒಳಗೆ ಎರಡು ಫೋನು ಎಂದುಕೊಳ್ಳಬೇಕಿಲ್ಲ. ಅಗ್ಗದ ಸೆಟ್ಟಿನಲ್ಲಿ ರೇಡಿಯೊ ಒಂದೇ. ಸುಮ್ಮನೆ ಜೇಬಿನಲ್ಲಿರುವ ಫೋನು ಸದಾ ಟವರಿಗೆ ಕಿವಿಗೊಟ್ಟಿರುವುದಿಲ್ಲ. ಅರ್ಧ ಸೆಕೆಂಡಿಗೋ ಎರಡು ಸೆಕೆಂಡಿಗೋ ಒಮ್ಮೆ ಎಚ್ಚರಗೊಂಡು ತನಗೇನಾದರೂ ಕರೆ ಇದೆಯೇ ಎಂದು ಕೇಳಿ ಮತ್ತೆ ಮಲಗುತ್ತದೆ. ಹಾಗಾಗಿ ಒಂದೇ ರೇಡಿಯೊ ಮೊದಲ ಸಿಮ್ಮಿನ ಟವರಿಗೊಮ್ಮೆ, ಎರಡನೆಯದಕ್ಕೊಮ್ಮೆ ಕಿವಿಗೊಡಲು ಬೇಕಾದಷ್ಟು ಬಿಡುವಿದೆ. ಮಾತು ಶುರುವಾದರೆ ಮಾತ್ರ ಬಿಡುವಿಲ್ಲ. ಒಂದು ಸಿಮ್ಮಿನಲ್ಲಿ ಮಾತಾಡುತ್ತಿರುವಾಗ ಇನ್ನೊಂದಕ್ಕೆ ಕರೆ ಮಾಡಿದವರಿಗೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಉತ್ತರ ಬರುತ್ತಿದ್ದದ್ದು ಈ ಕಾರಣಕ್ಕೆ.

ಮೆಮೊರಿಯ ಬಿಗಿ ಕನ್ನಡಿಗರಿಗೂ ತಟ್ಟಿದೆ. ಈ ಜಾತಿಯ ಎಷ್ಟೋ ಫೋನುಗಳಲ್ಲಿ ಇಡೀ ತಂತ್ರಾಂಶ ಕೂರುವುದು 4 ಎಂಬಿ ಫ್ಲ್ಯಾಶ್‌ನಲ್ಲಿ; ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೊದಷ್ಟು ಜಾಗ. ಅದರಲ್ಲೇ ಅಕ್ಷರಗಳೂ ಇರಬೇಕು. ಇಂಗ್ಲಿಷಿಗೆ ನೂರು ಚಿತ್ರವಿದ್ದರೆ ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರಗಳನ್ನು ಜೋಡಿಸುವ ತರ್ಕವೂ ಬೇಕು. ಹಳೆಯ ಸೆಟ್ಟುಗಳಲ್ಲಿ ಕನ್ನಡದ ಎಸ್ಸೆಮ್ಮೆಸ್ ಚೌಕಗಳ ಸಾಲಾಗಿ ಬರುತ್ತಿದ್ದದ್ದು ಇದರಿಂದ. ಮುಂದೆ ಭಾರತೀಯ ಮಾನಕ 16333ರ ಮೂರನೆಯ ಭಾಗ ನಿಯಮ ಮಾಡಿತು: ಇಲ್ಲಿ ಮಾರುವ ಫೋನು 22 ಭಾಷೆಗಳ ಸಂದೇಶಗಳನ್ನು ತೋರಿಸಬೇಕು, ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆಯಲ್ಲಾದರೂ ಬರೆಯಲು ಬರಬೇಕು.

ಉಳಿತಾಯ ಅಪಾಯವಾಗುವುದು ಬ್ಯಾಟರಿಯಲ್ಲಿ. ಇಂಥ ಫೋನುಗಳ ಲೀಥಿಯಂ ಬ್ಯಾಟರಿ ಚಾರ್ಜ್ ಆಗುವಾಗ 4.2 ವೋಲ್ಟ್ ಮೀರಬಾರದು. ಮೀರದಂತೆ ನೋಡಿಕೊಳ್ಳುವ ಹೊಣೆ ಮುಖ್ಯ ಚಿಪ್ಪಿನದು. ಅದು ಎಡವಿದರೆ ತಡೆಯಲು ಬ್ಯಾಟರಿಯ ತಲೆಯ ಮೇಲೆಯೇ ಇನ್ನೊಂದು ಪುಟ್ಟ ರಕ್ಷಣಾ ಬೋರ್ಡ್ ಇಡುವುದು ವಾಡಿಕೆ. ವೋಲ್ಟೇಜು ಮಿತಿ ಮೀರಿದರೆ, ಅತಿಯಾಗಿ ಇಳಿದರೆ, ಶಾರ್ಟ್ ಆದರೆ ಅದು ಸಂಪರ್ಕ ಕಡಿಯುತ್ತದೆ. ತಮಗೆ ಕಂಡಮಟ್ಟಿಗೆ 12 ಡಾಲರಿನ ಫೋನಿನಲ್ಲಿ ಈ ಎರಡನೆಯ ಕಾವಲು ಇರಲಿಲ್ಲ ಎನ್ನುತ್ತಾರೆ ಹುವಾಂಗ್. ಒಳ್ಳೆಯ ಹೆಸರಿನ ಮಾಲೂ ಇಲ್ಲಿ ಎಡವಿದ್ದುಂಟು. ಜಪಾನಿನ ಮತ್ಸುಶಿತಾ ತಯಾರಿಸಿಕೊಟ್ಟ ಬಿಎಲ್-5ಸಿ ಬ್ಯಾಟರಿಗಳ ಪೈಕಿ 4 ಕೋಟಿ 60 ಲಕ್ಷ ಬ್ಯಾಟರಿಗಳು ಚಾರ್ಜಿಂಗ್ ವೇಳೆ ಬಿಸಿಯಾಗಬಹುದು, ತಂದರೆ ಬದಲಿಸಿ ಕೊಡುತ್ತೇವೆ ಎಂದು 2007ರ ಆಗಸ್ಟ್‌ನಲ್ಲಿ ನೋಕಿಯಾ ಪ್ರಕಟಿಸಬೇಕಾಯಿತು. ಚೈನಾ ಸೆಟ್ಟುಗಳಿಗೂ, ಅಂಗೈಯಗಲದ ಎಫ್‌ಎಂ ರೇಡಿಯೊಗಳಿಗೂ ಅದೇ ಅಳತೆಯ ನಕಲಿ ಬ್ಯಾಟರಿಗಳು ಸಲೀಸಾಗಿ ಹೊಂದುತ್ತಿದ್ದವು. ಅವುಗಳ ಲೆಕ್ಕ ಇಟ್ಟವರಿಲ್ಲ, ವಾಪಸ್ ಕರೆಸುವವರೂ ಇಲ್ಲ.

ಇನ್ನೊಂದು ಉಳಿತಾಯ ಗುರುತಿನ ಸಂಖ್ಯೆಯದು. ಪ್ರತಿ ಫೋನಿಗೂ 15 ಅಂಕಿಗಳ ಐಎಂಇಐ ಇರಬೇಕು: ಮೊದಲ ಎಂಟು ಮಾದರಿಯನ್ನು, ಮುಂದಿನ ಆರು ಆ ಒಂದು ಫೋನನ್ನು ಗುರುತಿಸುತ್ತವೆ, ಕೊನೆಯದು ತಾಳೆ ನೋಡುವ ಅಂಕಿ. ಇದು ತಂತ್ರಾಂಶದ ಜೊತೆ ಬರೆಯುವ ಸಂಖ್ಯೆ. ಬರೆಯದೇ ಬಿಟ್ಟರೂ ಫೋನ್ ನಡೆಯುತ್ತಿತ್ತು, ಸಾವಿರ ಫೋನಿಗೆ ಒಂದನ್ನೇ ಬರೆದರೂ ನಡೆಯುತ್ತಿತ್ತು. ಮುಂಬೈ ದಾಳಿಯ ನಂತರ ಭದ್ರತೆಯ ಪ್ರಶ್ನೆ ಗಟ್ಟಿಯಾಗಿ ಎದ್ದಾಗ ಕೇಂದ್ರ ದೂರಸಂಪರ್ಕ ಇಲಾಖೆ 2009ರ ನವೆಂಬರ್ 30ರ ಗಡುವು ಹಾಕಿ, ಐಎಂಇಐ ಇಲ್ಲದ ಫೋನುಗಳ ಸೇವೆ ನಿಲ್ಲಿಸಲು ಆದೇಶಿಸಿತು. ಎರಡೂವರೆ ಕೋಟಿ ಫೋನುಗಳಿಗೆ ಬಿಸಿ ತಟ್ಟಬಹುದೆಂದು ಆಗಿನ ಪತ್ರಿಕೆಗಳು ಬರೆದವು. 199 ರೂಪಾಯಿ ಕೊಟ್ಟರೆ ಅಧಿಕೃತ ಸಂಖ್ಯೆ ಬರೆದುಕೊಡುವ ವ್ಯವಸ್ಥೆಯೂ ಆಯಿತು. ಅಷ್ಟಕ್ಕೇ ಮುಗಿಯಲಿಲ್ಲ. 2020ರಲ್ಲಿ ಉತ್ತರ ಪ್ರದೇಶದ ಮೇರಠ್ ಪೊಲೀಸರು 13 ಸಾವಿರಕ್ಕೂ ಹೆಚ್ಚು ಸ್ಮಾರ್ಟ್‌ಫೋನುಗಳು ಒಂದೇ ಐಎಂಇಐ ಮೇಲೆ ನಡೆಯುತ್ತಿರುವುದನ್ನು ಪತ್ತೆ ಹಚ್ಚಿದರು.

ಕವಚ ಬಿಚ್ಚಿದರೂ ಕಣ್ಣಿಗೆ ಬೀಳದ್ದು ತಂತ್ರಾಂಶ. ರಷ್ಯಾದಲ್ಲಿ ಮಾರಾಟದಲ್ಲಿದ್ದ ಕೆಲವು ಕೀಪ್ಯಾಡ್ ಫೋನುಗಳನ್ನು 2021ರಲ್ಲಿ ಸಂಶೋಧಕರೊಬ್ಬರು ಪರೀಕ್ಷಿಸಿದಾಗ, ಬ್ರೌಸರೇ ಇಲ್ಲದ ಫೋನು ಕೂಡ ಗುಟ್ಟಾಗಿ ಇಂಟರ್ನೆಟ್‌ಗೆ ಹೋಗಿ ತನ್ನ ಮತ್ತು ಸಿಮ್ಮಿನ ಗುರುತನ್ನು ಯಾವುದೋ ಸರ್ವರಿಗೆ ಕಳಿಸುತ್ತಿತ್ತು, ದುಡ್ಡು ಕಡಿತವಾಗುವ ಎಸ್ಸೆಮ್ಮೆಸ್ ಕಳಿಸುತ್ತಿತ್ತು. ಕಾರ್ಖಾನೆಯಿಂದ ಅಂಗಡಿಗೆ ಬರುವ ದಾರಿಯಲ್ಲಿ ಯಾರು ಈ ಕೋಡು ಸೇರಿಸಿದರೆಂದು ಹೇಳುವುದು ಕಷ್ಟ. ಹತ್ತಾರು ಕೈ ದಾಟಿದ ತಂತ್ರಾಂಶಕ್ಕೆ ಒಬ್ಬ ಹೊಣೆಗಾರನಿರುವುದಿಲ್ಲ.

ಈಗ ಈ ಫೋನುಗಳ ಕಾಲ ಬದಲಾಗುತ್ತಿದೆ. 2016ರಲ್ಲಿ ಬಂದ ಜಿಯೊ ಜಾಲದಲ್ಲಿ 2ಜಿ, ಎಂದರೆ ಈ ಫೋನುಗಳು ಬಳಸುವ ಜಿಎಸ್‌ಎಂ, ಇಲ್ಲವೇ ಇಲ್ಲ. 4ಜಿಯಲ್ಲಿ ಮಾತೂ ಡೇಟಾ ಆಗಿಯೇ ಹೋಗುವುದರಿಂದ ಚಿಪ್ಪಿಗೆ ಹೆಚ್ಚು ಶಕ್ತಿ ಬೇಕು: 2017ರ ಜಿಯೊಫೋನಿನಲ್ಲಿ 512 ಎಂಬಿ ಮೆಮೊರಿ ಇತ್ತು. 2021ರ ನೋಕಿಯಾ 110 4ಜಿ ಅದನ್ನು 48 ಎಂಬಿಗೆ ಇಳಿಸಿಕೊಂಡಿತು. ಹೀಗೆ ಹಿಂಡುವ ಕೆಲಸ ಹೊಸ ತಲೆಮಾರಿನ ಚಿಪ್ಪುಗಳಲ್ಲಿ ಮತ್ತೆ ನಡೆದಿದೆ. ಮೀಡಿಯಾಟೆಕ್‌ಗೆ ಪೈಪೋಟಿ ಕೊಡುತ್ತಿರುವುದು ಶಾಂಘೈನ ಯೂನಿಸಾಕ್.

ಮನೆಯ ಹಿರಿಯರಿಗೆಂದು ಸಾವಿರ ರೂಪಾಯಿಯ ಕೀಪ್ಯಾಡ್ ಸೆಟ್ ಕೊಳ್ಳುವವರು ಅದನ್ನು ಬಿಚ್ಚಬೇಕಾಗಿಲ್ಲ. ಬೆಸೆದ ಬ್ಯಾಟರಿಗೆ ಸ್ಕ್ರೂಡ್ರೈವರ್ ತಾಗಿದರೆ ಬೆಂಕಿ ಹತ್ತೀತು. ಒಳಗಿನದನ್ನು ಹೊರಗಿನಿಂದಲೇ ಒಂದಿಷ್ಟು ತಿಳಿಯಲು ದಾರಿಗಳಿವೆ. ಬ್ಯಾಟರಿ ತೆಗೆಯಲು ಬಂದರೆ ಅದರ ಮೇಲೆ ಐಎಸ್ 16046 ಎಂಬ ಮಾನಕ ಸಂಖ್ಯೆ, ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಸಂಖ್ಯೆ ಇವೆಯೇ ನೋಡಬೇಕು. ಪೆಟ್ಟಿಗೆಯ ಮೇಲೆ 4ಜಿ ಎಂದು ಬರೆದಿಲ್ಲವಾದರೆ ಜಿಯೊ ಸಿಮ್ ಅದರಲ್ಲಿ ನಡೆಯದು. *#06# ಒತ್ತಿದರೆ ಐಎಂಇಐ ಪರದೆಗೆ ಬರುತ್ತದೆ, ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ 15 ಅಂಕಿಗಳನ್ನು ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ದೂರಸಂಪರ್ಕ ಇಲಾಖೆಯ ದಾಖಲೆಯಲ್ಲಿ ಆ ಸಂಖ್ಯೆ ಯಾವ ಕಂಪನಿಯ ಯಾವ ಮಾದರಿಗೆ ಸೇರಿದ್ದೆಂದು ಉತ್ತರ ಬರುತ್ತದೆ. ಆ ಉತ್ತರದಲ್ಲಿನ ಹೆಸರು ಪೆಟ್ಟಿಗೆಯ ಮೇಲಿನ ಹೆಸರಿಗೆ ತಾಳೆಯಾಗದಿದ್ದರೆ ದುಡ್ಡು ಕೊಡುವ ಮೊದಲೇ ಸೆಟ್ಟನ್ನು ವಾಪಸ್ ಕೊಡುವುದು ಲೇಸು.